ದೇವೇಂದ್ರನ ಆಪರೇಷನ್

ಅರ್ಚನೆ ಮಾಡಿಸಿದ್ದು ತಪ್ಪಲ್ಲ. ದೇವಸ್ಥಾನ ಇರುವುದೇ ಅದಕ್ಕೆ. ಭಟ್ಟರ ಮೊದಲ ಮೂರು ಪ್ರಶ್ನೆಗಳಿಗೆ ಮೃತ್ಯುಂಜಯ ಕೊಟ್ಟ ಉತ್ತರಗಳೂ ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು. ನಾಲ್ಕನೆಯ ಪ್ರಶ್ನೆಗೆ ಅವನು ಸುಮ್ಮನೆ ಒಂದು ನಗೆ ನಕ್ಕು, ತೀರ್ಥ ತೆಗೆದುಕೊಂಡು ಹೊರಟುಬಿಟ್ಟಿದ್ದರೆ ಆ ಭಾನುವಾರ ಎಲ್ಲ ಭಾನುವಾರಗಳ ಹಾಗೆ ಕಳೆದುಹೋಗುತ್ತಿತ್ತು. ಆದರೆ ಹಿಂದೆ ಸಾಲು ನಿಂತಿತ್ತು, ಭಟ್ಟರು ಕಾಯುತ್ತಿದ್ದರು, ಮೃತ್ಯುಂಜಯ ಬಾಯಿ ಬಿಟ್ಟ.

ಈ ಮೃತ್ಯುಂಜಯ ಯಾರು ಅಂತ ಮೊದಲು ಹೇಳಿಬಿಡುವುದು ಒಳ್ಳೆಯದು. ಊರು ಗದಗ, ವಯಸ್ಸು ನಲವತ್ತೊಂದು, ಮನೆ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್. ದಿನಾ ಬೆಳಿಗ್ಗೆ ರೈಲು ಹತ್ತಿ ಮ್ಯಾಂಚೆಸ್ಟರಿನ ಪಿಕ್ಕಡಿಲಿ ಸ್ಟೇಷನ್ನಿಗೆ ಹೋಗಿ, ಹಳೆಯ ಸೇತುವೆಗಳ ಬಿರುಕು ಪರೀಕ್ಷೆ ಮಾಡುವ ಕಂಪನಿಯಲ್ಲಿ ಕೆಲಸ ಮಾಡಿ ಬರುತ್ತಾನೆ. ಹೆಂಡತಿ ದಾನೇಶ್ವರಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಇವನದು ಮಾತು ಕಮ್ಮಿ, ಯಾರ ತಂಟೆಗೂ ಹೋಗುವವನಲ್ಲ, ಕನ್ನಡ ಬಳಗದ ಕಾರ್ಯಕ್ರಮಕ್ಕೆ ಹೋದರೆ ಕುರ್ಚಿ ಜೋಡಿಸಿ ಹಿಂದಿನ ಸಾಲಿನಲ್ಲಿ ಕೂತು ಬರುವ ಜಾತಿಯ ಮನುಷ್ಯ. ಇಂಥವನಿಗೆ ಇದ್ದದ್ದು ಒಂದೇ ಒಂದು ಹುಚ್ಚು.

ಮ್ಯಾಂಚೆಸ್ಟರಿನಲ್ಲಿ ಫುಟ್‌ಬಾಲಿನ ಹುಚ್ಚು ಇರುವುದು ವಿಶೇಷವೇನಲ್ಲ. ಅಲ್ಲಿ ಹುಟ್ಟಿದ ಮಗು ಕೆಂಪು ಅಂಗಿಯ ತಂಡದ್ದೋ ಆಕಾಶನೀಲಿ ಅಂಗಿಯ ತಂಡದ್ದೋ ಎಂದು ತೀರ್ಮಾನವಾದ ಮೇಲೆಯೇ ಹೆಸರಿಡುತ್ತಾರೋ ಏನೋ. ಆದರೆ ಮೃತ್ಯುಂಜಯನ ಫುಟ್‌ಬಾಲ್ ಅದಲ್ಲ. ಅವನದು ಅಮೆರಿಕದವರ ಫುಟ್‌ಬಾಲ್. ಕಾಲಿಗಿಂತ ಕೈಗೇ ಕೆಲಸ ಹೆಚ್ಚಿರುವ, ತಲೆಗೆ ಶಿರಸ್ತ್ರಾಣ, ಭುಜಕ್ಕೆ ದಿಂಬು ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಅದರಲ್ಲೂ ಒಮಾಹಾ ಬೈಸನ್ಸ್ ಎಂಬ ತಂಡ. ಅದರಲ್ಲೂ ಡೆವಿನ್ ಹಾಲ್ಗ್ರೆನ್ ಎಂಬ ಕ್ವಾರ್ಟರ್‌ಬ್ಯಾಕ್. ಕ್ವಾರ್ಟರ್‌ಬ್ಯಾಕ್ ಅಂದರೆ ಮನೆಯ ಯಜಮಾನನಿದ್ದ ಹಾಗೆ. ಚೆಂಡು ಮೊದಲು ಅವನ ಕೈಗೇ ಬರಬೇಕು, ಅವನೇ ನೋಡಿ ಯಾರಿಗಾದರೂ ಎಸೆಯಬೇಕು. ಅಷ್ಟರೊಳಗೆ ಎದುರಿನ ನಾಲ್ಕೈದು ಜನ ಭೀಮಕಾಯರು ಬಂದು ಅವನ ಮೇಲೆ ಬಿದ್ದು ಅಪ್ಪಚ್ಚಿ ಮಾಡಲು ನೋಡುತ್ತಾರೆ.

ಮೃತ್ಯುಂಜಯ ಈ ದೇಶಕ್ಕೆ ಬಂದ ಮೊದಲನೆಯ ಚಳಿಗಾಲ, ಸಾಲ್ಫರ್ಡಿನ ಬಾಡಿಗೆ ಕೋಣೆಯಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲದೆ ಕೂತಿದ್ದಾಗ ಟಿವಿಯಲ್ಲಿ ಈ ಆಟ ಬರುತ್ತಿತ್ತು. ಒಬ್ಬ ಹುಡುಗನ ಮೇಲೆ ಎಲ್ಲರೂ ಬೀಳುತ್ತಿದ್ದರು. ಅವನು ಎದ್ದು, ಹುಲ್ಲು ಕೊಡವಿಕೊಂಡು, ಮತ್ತೆ ಬಂದು ನಿಲ್ಲುತ್ತಿದ್ದ. ಅವತ್ತು ಆ ಹುಡುಗನ ಮೊದಲ ಪಂದ್ಯ. ಮೃತ್ಯುಂಜಯನಿಗೆ ಮರುದಿನ ಕೆಲಸದ ಮೊದಲ ದಿನ. ಅಲ್ಲಿಂದ ಇಲ್ಲಿಯವರೆಗೆ ಇಬ್ಬರಿಗೂ ಒಟ್ಟಿಗೇ ವಯಸ್ಸಾಯಿತು. ಡೆವಿನ್‌ಗೆ ಮಂಡಿನೋವು ಬಂದ ವರ್ಷವೇ ಮೃತ್ಯುಂಜಯನಿಗೂ ಮಂಡಿ ಹಿಡಿದುಕೊಂಡಿತು. ಕೆಲಸದಲ್ಲಿ ಯಾರಾದರೂ ಜಾಡಿಸಿದರೆ ಅವನು ಮನಸ್ಸಿನಲ್ಲೇ ಹುಲ್ಲು ಕೊಡವಿಕೊಳ್ಳುತ್ತಿದ್ದ. ಅವನಿಗೆ ಡೆವಿನ್ ಮೇಲಿದ್ದದ್ದು ಬರೀ ಅಭಿಮಾನವಲ್ಲ, ಪ್ರೀತಿ.

ಸೇತುವೆಯ ವಿಷಯದಲ್ಲಿ ಹತ್ತು ಪುರಾವೆ ಕೇಳುವ ಈ ಎಂಜಿನಿಯರು ಡೆವಿನ್ ವಿಷಯದಲ್ಲಿ ಒಂದೇ ಪುರಾವೆಗೆ ತಲೆಬಾಗಿದ್ದ. ಹಿಂದೊಮ್ಮೆ ಲೀಡ್ಸ್‌ನಲ್ಲಿ ಯಾರದೋ ಮದುವೆಗೆ ಹೋಗಿ ಪಂದ್ಯ ತಪ್ಪಿಸಿಕೊಂಡಿದ್ದ. ಅವತ್ತು ಬೈಸನ್ಸ್ ಮಣ್ಣು ಮುಕ್ಕಿತ್ತು. ಅಂದಿನಿಂದ ಸೋಫಾದ ಎಡಮೂಲೆ ಬಿಟ್ಟು ಕದಲಿದವನಲ್ಲ. ತಾನು ನೋಡದಿದ್ದರೆ ಡೆವಿನ್ ಬೀಳುತ್ತಾನೆ ಎಂಬುದು ಅವನ ಖಚಿತ ನಂಬಿಕೆ. ಅತ್ತೆ ಕಾಶೀಬಾಯಿ ಆರು ತಿಂಗಳ ವೀಸಾದಲ್ಲಿ ಬಂದ ಮೇಲೆ ಸೋಫಾದ ಬಲಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಅವರು ಆಟದ ಬಗ್ಗೆ ಒಳ್ಳೆಯದು ಕೆಟ್ಟದ್ದು ಏನನ್ನೂ ಹೇಳಿರಲಿಲ್ಲ.

ಈ ವರ್ಷ ಡೆವಿನ್ ತನ್ನದು ಇದೇ ಕೊನೆಯ ವರ್ಷ ಎಂದು ಹೇಳಿಬಿಟ್ಟಿದ್ದ. ಇಷ್ಟು ವರ್ಷದಲ್ಲಿ ಒಮ್ಮೆಯೂ ಫೈನಲ್ ಕಂಡವನಲ್ಲ. ಆ ಭಾನುವಾರ ಸಂಜೆ ಆರಕ್ಕೆ ಸೆಮಿಫೈನಲ್. ಸೋತರೆ ಅಲ್ಲಿಗೆ ಮುಗಿಯಿತು, ಅವನನ್ನು ಇನ್ನು ನೋಡುವಂತಿಲ್ಲ. ಮೇಲಾಗಿ ಹಿಂದಿನ ವಾರ ಬಲಭುಜಕ್ಕೆ ಪೆಟ್ಟು ಬಿದ್ದು, ಇಂಜೆಕ್ಷನ್ ಚುಚ್ಚಿಸಿಕೊಂಡು ಆಡುತ್ತಾನಂತೆ ಎಂದು ಸುದ್ದಿ. ಮೃತ್ಯುಂಜಯನಿಗೆ ವಾರವಿಡೀ ಅನ್ನ ಸೇರಲಿಲ್ಲ. ದಾನೇಶ್ವರಿಗೆ ಆ ಭಾನುವಾರ ರಾತ್ರಿಯವರೆಗೂ ಡ್ಯೂಟಿ ಇತ್ತು. ಅವಳು ಕೆಲಸಕ್ಕೆ ಹೋದದ್ದೇ ತಡ, ಇವನು ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಟ.

ಹಳೆಯ ಚರ್ಚೊಂದನ್ನು ಕೊಂಡು ಮಾಡಿದ ದೇವಸ್ಥಾನ ಅದು. ಕಾಲುಚೀಲದೊಳಗಿಂದಲೂ ಚಳಿ ಹತ್ತುವ ನೆಲ. ಅತ್ತೆ ಈಶ್ವರನ ಮುಂದೆ ಕಣ್ಣು ಮುಚ್ಚಿ ಕೂತರು. ಅಳಿಯ ಅರ್ಚನೆಯ ಸಾಲಿನಲ್ಲಿ ನಿಂತ. ಹರಿಪ್ರಸಾದ ಭಟ್ಟರು ಉಡುಪಿಯ ಕಡೆಯವರು, ಎಲ್ಲವನ್ನೂ ಕ್ರಮವಾಗಿ ಕೇಳುವವರು. ಯಾರ ಹೆಸರಿನಲ್ಲಿ ಎಂದರು. ಡೆವಿನ್ ಎನ್ನಲು ನಾಲಿಗೆ ಏಳದೆ ಮೃತ್ಯುಂಜಯ ದೇವೇಂದ್ರ ಎಂದ. ಗೋತ್ರ ಕೇಳಿದರು, ಗೊತ್ತಿಲ್ಲದವರೆಲ್ಲ ಹೇಳುವ ಹಾಗೆ ಶಿವಗೋತ್ರ ಎಂದ. ನಕ್ಷತ್ರ ಮಾತ್ರ ಪಕ್ಕಾ ಇತ್ತು. ಡೆವಿನ್ ಹುಟ್ಟಿದ ದಿನ, ಗಳಿಗೆ, ಊರು ಎಲ್ಲವನ್ನೂ ಹಾಕಿ, ಒಮಾಹಾದ ಗಡಿಯಾರಕ್ಕೆ ಸರಿಹೊಂದಿಸಿ, ಹಿಂದಿನ ದಿನವೇ ಫೋನಿನಲ್ಲಿ ಲೆಕ್ಕ ಮಾಡಿಟ್ಟುಕೊಂಡಿದ್ದ. ಮಖಾ ನಕ್ಷತ್ರ ಎಂದು ಗಟ್ಟಿಯಾಗಿ ಹೇಳಿದ.

"ಏನು ತೊಂದರೆ ಅವರಿಗೆ? ಸಂಕಲ್ಪದಲ್ಲಿ ಹೇಳಬೇಕಾಗ್ತದೆ," ಎಂದರು ಭಟ್ಟರು.

ಇದೇ ಆ ನಾಲ್ಕನೆಯ ಪ್ರಶ್ನೆ. ಬಲಭುಜಕ್ಕೆ ಪೆಟ್ಟು ಎಂದ ಮೃತ್ಯುಂಜಯ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ದೇವರಿಗೆ ವೇಳೆ ಗೊತ್ತಿರಲಿ ಎಂಬ ಆಸೆಯಿಂದ, ಇವತ್ತು ಸಂಜೆ ಆರಕ್ಕೆ, ಅಮೆರಿಕದಲ್ಲಿ, ಎಂದು ಸೇರಿಸಿದ. 

"ಆಪರೇಷನ್ನಾ?" ಎಂದು ಹಿಂದಿನಿಂದ ಒಂದು ಧ್ವನಿ ಕೇಳಿತು.

ತಿರುಗಿ ನೋಡಿದರೆ ಜಯಶೀಲಾ. ಫಾರ್ಮಸಿಸ್ಟ್, ಕನ್ನಡ ಬಳಗದ ಕಾರ್ಯದರ್ಶಿ, ಇವನ ಮನೆಯಿಂದ ಎರಡು ಬೀದಿ ಆಚೆ ಇರುವವರು. ಒಳ್ಳೆಯ ಹೆಂಗಸು, ಅವರ ಒಳ್ಳೆಯತನದಿಂದ ತಪ್ಪಿಸಿಕೊಂಡವರು ಸ್ಟಾಕ್‌ಪೋರ್ಟಿನಲ್ಲಿ ಇಲ್ಲ. ಪಕ್ಕದಲ್ಲಿ ಅವರ ಗಂಡ ಐತಪ್ಪ, ಕೈಯಲ್ಲಿ ಕಾರಿನ ಕೀಲಿ ಹಿಡಿದು, ಎಂದಿನಂತೆ ತೆಪ್ಪಗೆ ನಿಂತಿದ್ದರು. ಇವರೆದುರು ಚೆಂಡಾಟದವನಿಗೆ ಅರ್ಚನೆ ಎಂದು ಹೇಳುವುದಕ್ಕಿಂತ ನೆಲ ಬಾಯಿಬಿಟ್ಟು ನುಂಗಿದರೆ ವಾಸಿ ಅನ್ನಿಸಿತು ಮೃತ್ಯುಂಜಯನಿಗೆ. ಹೌದು, ಆಪರೇಷನ್ ಎಂದ. ದೇವೇಂದ್ರ ನಿಮಗೇನಾಗಬೇಕು ಎಂದದ್ದಕ್ಕೆ ಅಣ್ಣ, ದೊಡ್ಡಪ್ಪನ ಮಗ ಎಂದ. ಭಟ್ಟರು ಸಂಕಲ್ಪ ಹೇಳಿ ಹೂವು ಹಾಕಿದರು. ಜಯಶೀಲಾರ ಕಣ್ಣಂಚು ಒದ್ದೆಯಾಯಿತು.

"ಮೃತ್ಯುಂಜಯರೇ, ಇಷ್ಟು ದೊಡ್ಡ ಸಂಕಟ ಇಟ್ಟುಕೊಂಡು ನೀವು ಒಬ್ಬರೇ ಒದ್ದಾಡುವುದು ಯಾಕೆ? ನಾವೆಲ್ಲ ಇಲ್ಲವಾ?" ಎಂದರು.

ಅವರೆಲ್ಲ ಇದ್ದಾರೆ ಎಂಬುದು ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿ ಗೊತ್ತಾಯಿತು. ಮನೆಗೆ ಬಂದು ಕೋಟು ಬಿಚ್ಚುವುದರೊಳಗೆ ಬಳಗದ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಮೆರವಣಿಗೆ ಹೊರಟಿತ್ತು. ದುಃಖದ ಮನೆಯಲ್ಲಿ ಒಲೆ ಹಚ್ಚಲು ಮನಸ್ಸಾಗುವುದಿಲ್ಲ ಎಂದು ಯಾರೋ ಬಿಸಿಬೇಳೆಭಾತು ತಂದರು, ಇನ್ಯಾರೋ ಪಲ್ಯ ಚಪಾತಿ ತಂದರು. ಜಯಶೀಲಾ ನೀರುದೋಸೆ ಮಾಡಿಕೊಂಡು ಐತಪ್ಪನವರ ಕೈಗೆ ಹೊರಿಸಿಕೊಂಡು ಬಂದರು. ತಂದವರು ಪಾತ್ರೆ ಇಟ್ಟು ಹೋಗಲಿಲ್ಲ, ಕೂತರು. ದಾನೇಶ್ವರಿಯಿಂದ ಒಂದು ಸಂದೇಶ ಬಂತು: ಯಾವ ದೇವೇಂದ್ರ? ಬಂದ ಮೇಲೆ ಹೇಳ್ತೀನಿ ಎಂದು ಇವನು ಬರೆದ.

ಮೂರರ ಹೊತ್ತಿಗೆ ಡಾಕ್ಟರ್ ಈಶ್ವರಪ್ಪನವರು ಎರಡು ಗಂಟೆ ದಾರಿಯ ಸೊಲಿಹಲ್‌ನಿಂದ ಕಾರು ಓಡಿಸಿಕೊಂಡು ಬಂದಿಳಿದರು. ನಿವೃತ್ತ ಮೂಳೆ ಸರ್ಜನ್, ಧಾರವಾಡದವರು. ನಿವೃತ್ತಿಯಾದ ಮೇಲೆ ಕತ್ತರಿಸಲು ಏನೂ ಸಿಗದೆ ಬೇಜಾರಾಗಿದ್ದವರು ಭುಜ ಎಂಬ ಶಬ್ದ ಓದಿ ಎದ್ದು ಬಂದಿದ್ದರು. ಎಂ.ಆರ್.ಐ. ಎಲ್ಲಿ ಎಂದು ಕೈ ಚಾಚಿದರು. ಮೃತ್ಯುಂಜಯನ ಹತ್ತಿರ ಎಂ.ಆರ್.ಐ. ಇರಲಿಲ್ಲ, ಆದರೆ ಡೆವಿನ್ ಭುಜದ ಬಗ್ಗೆ ಅಭಿಮಾನಿಗಳು ಬರೆದದ್ದನ್ನೆಲ್ಲ ಓದಿ ಬಾಯಿಪಾಠವಾಗಿತ್ತು. ಯಾವ ಕೀಲು, ಎಷ್ಟು ಸರಿದಿದೆ, ಕೈ ಎಷ್ಟು ಮೇಲೆತ್ತಬಹುದು ಎಂದು ಪಟಪಟನೆ ಹೇಳಿದ. ಗ್ರೇಡ್ ಟೂ ಎಂದ.

"ಗ್ರೇಡ್ ಟೂಗೆ ಯಾರೂ ಕತ್ತರಿ ಹಾಕಂಗಿಲ್ಲ, ತಮ್ಮಾ," ಎಂದರು ಈಶ್ವರಪ್ಪ.

ನಿನ್ನೆಯಿಂದ ಗ್ರೇಡ್ ತ್ರೀ ಆಗಿದೆ ಎಂದು ಮೃತ್ಯುಂಜಯ ತಿದ್ದಿದ. ಭಾನುವಾರ ಯಾವ ಸರ್ಜನ್ ಕೆಲಸ ಮಾಡುತ್ತಾನೆ ಎಂದು ಡಾಕ್ಟರು ಕೇಳಿ, ಅಮೆರಿಕದಲ್ಲಿ ದುಡ್ಡು ಕೊಟ್ಟರೆ ಅಮಾವಾಸ್ಯೆಯ ದಿನವೂ ಮಾಡುತ್ತಾರೆ ಎಂದು ತಾವೇ ಉತ್ತರ ಕೊಟ್ಟುಕೊಂಡರು. ನಲವತ್ತು ದಾಟಿದವನಿಗೆ ಇಂಥ ಪೆಟ್ಟು ಹೇಗೆ ಬಿತ್ತು, ಏನು ಕೆಲಸ ಅವನದು ಎಂದರು. ಈ ಪ್ರಶ್ನೆಗೆ ಮೃತ್ಯುಂಜಯ ಸಿದ್ಧನಾಗಿರಲಿಲ್ಲ. ಜನ ಮೇಲೆ ಬೀಳುವ ಕೆಲಸ ಎಂದುಬಿಟ್ಟ. ಪೊಲೀಸಾ ಎಂದರು ಜಯಶೀಲಾ. ಹಾಗೇ ಅನ್ನಿ ಎಂದ ಇವನು.

ಅಮೆರಿಕದ ಪೊಲೀಸಿನಲ್ಲಿ ನಮ್ಮವನೊಬ್ಬ ಇದ್ದಾನೆ ಎಂದರೆ ಸಣ್ಣ ಸಂಗತಿಯೇ? ಸುದ್ದಿ ಕೇಳಿ ಬಂದವರಲ್ಲಿ ದುಃಖದ ಜೊತೆ ಒಂದು ಹೆಮ್ಮೆಯೂ ಸೇರಿಕೊಂಡಿತು. ಐದು ಗಂಟೆಗೆ ಬಂದ ದಂಪತಿ ಗುಂಡು ಇನ್ನೂ ಭುಜದ ಒಳಗೇ ಇದೆಯಾ ಎಂದು ಕೇಳಿದರು. ಇನ್ನೊಬ್ಬರು ಮುಂದಿನ ರಾಜ್ಯೋತ್ಸವಕ್ಕೆ ದೇವೇಂದ್ರ ಅವರನ್ನೇ ಮುಖ್ಯ ಅತಿಥಿಯಾಗಿ ಕರೆಯಬೇಕು ಎಂದರು. ಮೃತ್ಯುಂಜಯ ಯಾರಿಗೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಗೋಡೆ ಗಡಿಯಾರವನ್ನೇ ನೋಡುತ್ತಿದ್ದ. ಜನ ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡು ಅವನ ಬೆನ್ನು ಸವರಿದರು.

ಅವನಿಗೆ ಇದ್ದ ದೊಡ್ಡ ಭಯ ಅತ್ತೆಯದು. ಅಳಿಯನ ದೊಡ್ಡಪ್ಪನ ಮಕ್ಕಳು ಎಷ್ಟು ಜನ, ಯಾರು ಎಲ್ಲಿದ್ದಾರೆ ಎಂಬುದು ಮದುವೆಗೆ ಮುಂಚೆಯೇ ವಿಚಾರಿಸಿ ತಿಳಿದುಕೊಂಡ ಹೆಂಗಸು ಅವರು. ಜಯಶೀಲಾ ಹೋಗಿ ಅವರ ಪಕ್ಕದಲ್ಲೇ ಕೂತು, ನಿಮಗೂ ದೇವೇಂದ್ರ ಅವರ ಪರಿಚಯ ಉಂಟಾ ಅಮ್ಮ ಎಂದು ಕೇಳಿದರು.

"ನೋಡೀನಲ್ರೀ. ಭಾಳ ಗಟ್ಟಿ ಮನಷ್ಯಾ," ಎಂದರು ಕಾಶೀಬಾಯಿ, ಬತ್ತಿ ಹೊಸೆಯುವುದು ನಿಲ್ಲಿಸದೆ.

ವಯಸ್ಸಾದವರು, ಯಾರನ್ನೋ ಯಾರೋ ಅಂದುಕೊಂಡಿದ್ದಾರೆ ಎಂದು ಮೃತ್ಯುಂಜಯ ನಿಟ್ಟುಸಿರು ಬಿಟ್ಟ.

ಐದೂವರೆಗೆ ಅವನು ಧೈರ್ಯ ಮಾಡಿ, ಎಲ್ಲರಿಗೂ ಬಹಳ ಉಪಕಾರವಾಯಿತು, ನಾಳೆ ಕೆಲಸವಿದೆ, ನೀವೂ ದಣಿದಿದ್ದೀರಿ ಎಂದು ಶುರುಮಾಡಿದ. ಜಯಶೀಲಾ ಅವನ ಮಾತನ್ನು ಅಲ್ಲೇ ತಡೆದರು. ಆಪರೇಷನ್ ನಡೆಯುವಷ್ಟು ಹೊತ್ತು ಅವನನ್ನು ಒಬ್ಬನೇ ಬಿಟ್ಟು ಹೋಗುವುದುಂಟೇ? ಎಲ್ಲರೂ ಸೇರಿ ಓಂ ನಮಃ ಶಿವಾಯ ಜಪ ಮಾಡುವುದು, ಮುಗಿದ ಸುದ್ದಿ ಬಂದ ಮೇಲೆಯೇ ಏಳುವುದು ಎಂದು ಅದಾಗಲೇ ತೀರ್ಮಾನವಾಗಿತ್ತು. ಜಮಖಾನೆ ಹಾಸಿದರು. ದೇವರಮನೆಯಿಂದ ಈಶ್ವರನ ದೊಡ್ಡ ಪಟ ತಂದರು. ಇಡಲು ತಕ್ಕ ಎತ್ತರದ ಜಾಗ ಆ ಕೋಣೆಯಲ್ಲಿ ಒಂದೇ ಇತ್ತು. ಪಟವನ್ನು ಟಿವಿಗೆ ಒರಗಿಸಿ, ಹೂವಿನ ಹಾರ ಹಾಕಿ, ಮುಂದೆ ದೀಪ ಹಚ್ಚಿದರು.

ಆರಕ್ಕೆ ಸರಿಯಾಗಿ ಜಪ ಶುರುವಾಯಿತು, ಅಲ್ಲಿ ಪಂದ್ಯವೂ ಶುರುವಾಯಿತು. ಈಶ್ವರನ ಬೆನ್ನ ಹಿಂದೆ ಡೆವಿನ್ ಆಡುತ್ತಿದ್ದಾನೆ, ತಾನು ನೋಡುತ್ತಿಲ್ಲ ಎಂಬುದು ಮೃತ್ಯುಂಜಯನಿಗೆ ಸಹಿಸಲಾಗಲಿಲ್ಲ. ತೊಡೆಯ ಕೆಳಗೆ ಫೋನು ಇಟ್ಟುಕೊಂಡು ಕಳ್ಳನ ಹಾಗೆ ಒಂದೊಂದು ಸಲ ನೋಡಿದ. ಅದರಲ್ಲಿ ಆಟ ಕಾಣುತ್ತಿರಲಿಲ್ಲ, ಬರೀ ಸ್ಕೋರು. ಬೈಸನ್ಸ್ ಸೊನ್ನೆ, ಎದುರಿನವರು ಏಳು. ಆಮೇಲೆ ಹತ್ತು. ಆಮೇಲೆ ಹದಿನೇಳು. ನೋಡದಿದ್ದರೆ ಬೀಳುತ್ತಾನೆ ಎಂಬ ಅವನ ನಂಬಿಕೆ ಕಣ್ಣೆದುರೇ ನಿಜವಾಗುತ್ತಿತ್ತು. ಕಣ್ಣಲ್ಲಿ ನೀರು ಬಂತು. ಜಪ ನಿಂತಿತು. ಏನು ಸುದ್ದಿ ಎಂದು ಎಲ್ಲರೂ ಅವನ ಕಡೆ ತಿರುಗಿದರು. ಹದಿನೇಳು ಎಂಬುದೊಂದೇ ಅವನ ಬಾಯಿಂದ ಹೊರಟಿತು.

"ಉಸಿರಾಟ ಹದಿನೇಳು ಅಂದ್ರ ಛಲೋನ ಐತಲ್ಲೋ. ಅದಕ್ಯಾಕ ಅಳ್ತಿ?" ಎಂದರು ಡಾಕ್ಟರು. ಜಪ ಮತ್ತೆ ಶುರುವಾಯಿತು.

ಇನ್ನು ಕೂರಲಾಗದೆ ಮೃತ್ಯುಂಜಯ ಮೇಲಿನ ಬಾತ್‌ರೂಮಿಗೆ ಓಡಿ ಚಿಲಕ ಹಾಕಿಕೊಂಡ. ಅಲ್ಲಿ ಸಿಗ್ನಲ್ ಸಾಲದು. ಆಟ ಹಚ್ಚಿದರೆ ಚಿತ್ರ ಬಾರದೆ ಪರದೆಯ ನಡುವೆ ಬಳೆಯಂಥದೊಂದು ಸುಮ್ಮನೆ ತಿರುಗುತ್ತಿತ್ತು. ಬಾತ್‌ಟಬ್ಬಿನ ಅಂಚಿನಲ್ಲಿ ಕೂತು ಆ ಬಳೆಯನ್ನೇ ಬಹಳ ಹೊತ್ತು ನೋಡಿದ. ಕೆಳಗೆ ಜಪದ ಸದ್ದು ಸ್ವಲ್ಪ ಹೊತ್ತು ನಿಂತು, ಯಾರೋ ಏನೋ ಮಾತಾಡಿ, ಮತ್ತೆ ಮೊದಲಿಗಿಂತ ಜೋರಾಗಿ ಕೇಳಿತು. ಕೆಳಗೆ ಬಂದ, ಮತ್ತೆ ಮೇಲೆ ಹೋದ. ಮೂರನೆಯ ಸಲ ಹೋಗುವಾಗ ಈಶ್ವರಪ್ಪನವರು ಹೊಟ್ಟೆಗೇನಾದರೂ ಮಾತ್ರೆ ಬೇಕೇ ಎಂದು ಕೇಳಿದರು.

ಆದರೆ ಸ್ಕೋರು ಬದಲಾಗುತ್ತಿತ್ತು. ಸೊನ್ನೆಯಲ್ಲಿದ್ದ ಬೈಸನ್ಸ್ ಏಳಕ್ಕೆ ಬಂತು, ಹದಿನಾಲ್ಕಕ್ಕೆ ಬಂತು. ಎದುರಿನವರು ಇಪ್ಪತ್ತನಾಲ್ಕಕ್ಕೆ ಹೋದರೆ ಇವರು ಇಪ್ಪತ್ತೊಂದಕ್ಕೆ ಬಂದರು. ಇನ್ನು ಆಟಕ್ಕೆ ಉಳಿದದ್ದು ಸ್ವಲ್ಪವೇ ಹೊತ್ತು, ಚೆಂಡು ಡೆವಿನ್ ಕೈಯಲ್ಲಿ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮಂಗಳಾರತಿಗೆ ಮನೆಯವರೇ ತಟ್ಟೆ ಹಿಡಿಯಬೇಕು, ಬನ್ನಿ ಎಂದು ಜಯಶೀಲಾ ಕರೆಯುತ್ತಿದ್ದರು. ಹೊಟ್ಟೆ ಸರಿಯಿಲ್ಲ ಎಂದ. ದೇವರ ಕೆಲಸಕ್ಕೆ ಅದೆಲ್ಲ ಏನೂ ಆಗುವುದಿಲ್ಲ ಎಂದರು.

ಹೀಗೆ ಡೆವಿನ್ ಹಾಲ್ಗ್ರೆನ್ ತನ್ನ ಜೀವಮಾನದ ಅತಿ ಮುಖ್ಯವಾದ ಚೆಂಡನ್ನು ಎಸೆಯುವ ಹೊತ್ತಿನಲ್ಲಿ, ಅವನ ಪರಮಭಕ್ತ ಸ್ಟಾಕ್‌ಪೋರ್ಟಿನಲ್ಲಿ ಎರಡು ಕೈಯಲ್ಲೂ ಆರತಿ ತಟ್ಟೆ ಹಿಡಿದು ನಿಂತಿದ್ದ. ಫೋನು ಅಂಗಿಯ ಜೇಬಿನಲ್ಲಿ ನಡುಗಿತು. ನೋಡಲು ಕೈ ಖಾಲಿಯಿಲ್ಲ. ಒಬ್ಬೊಬ್ಬರಾಗಿ ಬಂದು ಆರತಿ ತೆಗೆದುಕೊಂಡರು. ಈಶ್ವರಪ್ಪನವರು ಮೂರು ಸಲ ಕಣ್ಣಿಗೊತ್ತಿಕೊಂಡರು. ಐತಪ್ಪನವರು ಚಿಲ್ಲರೆಗಾಗಿ ನಾಲ್ಕೂ ಜೇಬು ತಡಕಾಡಿದರು. ಎಲ್ಲರಿಗೂ ಕೊನೆಯಲ್ಲಿ ಕಾಶೀಬಾಯಿ ಮಂಡಿ ಹಿಡಿದುಕೊಂಡು ಎದ್ದು ಬಂದು, ಆರತಿ ತೆಗೆದುಕೊಂಡು, ತಟ್ಟೆಯನ್ನು ಅಳಿಯನ ಕೈಯಿಂದ ತಾವೇ ಇಸಿದುಕೊಂಡರು. ಅವನು ಫೋನು ತೆಗೆದು ನೋಡಿದ. ಬೈಸನ್ಸ್ ಇಪ್ಪತ್ತೆಂಟು. ಎದುರಿನವರು ಇಪ್ಪತ್ತನಾಲ್ಕು. ಪಂದ್ಯ ಮುಗಿದಿತ್ತು.

ಗೆದ್ದ ಎಂದವನೇ ಮೃತ್ಯುಂಜಯ ಡಾಕ್ಟರ್ ಈಶ್ವರಪ್ಪನವರನ್ನು ತಬ್ಬಿಕೊಂಡು ಗಳಗಳ ಅತ್ತ. ಇಷ್ಟು ವರ್ಷ ಬಿದ್ದೆದ್ದವನು ಕಡೆಗೂ ಫೈನಲ್ ಮುಟ್ಟಿದ್ದ. ಯಾರಿಗೂ ಬೇರೆ ವಿವರಣೆ ಬೇಕಾಗಲಿಲ್ಲ. ಆಪರೇಷನ್ ಸಕ್ಸಸ್ ಎಂದು ಜಯಶೀಲಾ ಗುಂಪಿಗೆ ಸಂದೇಶ ಕಳಿಸಿದರು. ಐತಪ್ಪನವರು ಮಧ್ಯಾಹ್ನದಿಂದ ಮೊದಲ ಬಾರಿಗೆ ಬಾಯಿ ತೆರೆದು, ಹಾಗಾದರೆ ಊಟ ಮಾಡಬಹುದು ಎಂದರು. ಬಿಸಿಬೇಳೆಭಾತು ಬಿಸಿ ಮಾಡಿ, ಎಲ್ಲರೂ ಮದುವೆಮನೆಯಂತೆ ಉಂಡರು. ಮೃತ್ಯುಂಜಯನೂ ಒಂದು ವಾರದ ಅನ್ನವನ್ನು ಒಟ್ಟಿಗೆ ಉಂಡ.

ಹೊರಡುವಾಗ ಜಯಶೀಲಾ ಚಪ್ಪಲಿ ಮೆಟ್ಟಿಕೊಳ್ಳುತ್ತ, ಇದೆಲ್ಲ ಅಮ್ಮನ ಹರಕೆಯ ಫಲ ಎಂದರು. ಯಾವ ಹರಕೆ ಎಂದ ಮೃತ್ಯುಂಜಯ. ಅವನು ಹದಿನೇಳು ಎಂದು ಅತ್ತು ಮೇಲೆ ಓಡಿದಾಗ, ಕಾಶೀಬಾಯಿಯವರು ಜಪ ನಿಲ್ಲಿಸಿ, ಎಲ್ಲರೆದುರು ಎದ್ದು ನಿಂತು ದೇವರಿಗೆ ಹೇಳಿಕೊಂಡಿದ್ದರಂತೆ. ಕಾಶಿಗೆ ಹೋದವರು ಬಹಳ ಇಷ್ಟವಾದದ್ದೊಂದನ್ನು ಬಿಟ್ಟು ಬರುವುದಿಲ್ಲವೇ, ಹಾಗೆ. ಸಂಕಟ ಕಳೆದು ಅವನು ಎದ್ದರೆ, ತಮ್ಮ ಅಳಿಯ ತನಗೆ ಎಲ್ಲಕ್ಕಿಂತ ಇಷ್ಟವಾದ ಅಮೆರಿಕದ ಚೆಂಡಾಟ ನೋಡುವುದನ್ನು ಇವತ್ತಿನಿಂದಲೇ ಬಿಡುತ್ತಾರೆ ಎಂದು.

"ನಾವೆಲ್ಲ ಸಾಕ್ಷಿ ಮಾರಾಯ್ರೇ. ಅಣ್ಣನಿಗೋಸ್ಕರ ಇಷ್ಟು ಯಾರು ಬಿಡ್ತಾರೆ ಈ ಕಾಲದಲ್ಲಿ?" ಎಂದು ಕೈಮುಗಿದು ಜಯಶೀಲಾ ಕಾರು ಹತ್ತಿದರು.

ಬಾಗಿಲು ಹಾಕಿ ಬಂದ ಮೃತ್ಯುಂಜಯ ಮೊದಲು ಬೆವರಿದ, ಆಮೇಲೆ ಸ್ವಲ್ಪ ಯೋಚಿಸಿ ನಕ್ಕ. ದೇವೇಂದ್ರ ಎಂಬುವನೇ ಇಲ್ಲ. ಇಲ್ಲದವನ ಮೇಲೆ ಹೊತ್ತ ಹರಕೆ ಹರಕೆಯೇ ಅಲ್ಲ. ಎರಡು ವಾರಕ್ಕೆ ಫೈನಲ್. ಅತ್ತೆಗೆ ನಿಜ ಹೇಳಿ, ನಾಲ್ಕು ಮಾತು ಬೈಸಿಕೊಂಡರೆ ಮುಗಿಯಿತು. ಕಾಶೀಬಾಯಿ ಸೋಫಾದ ಬಲಮೂಲೆಯಲ್ಲಿ ಕಾಲು ನೀಡಿ ಕೂತಿದ್ದರು. ಅವನು ನೆಲದ ಮೇಲೆ ಕೂತು, ದೇವಸ್ಥಾನದಿಂದ ಹಿಡಿದು ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಒಪ್ಪಿಕೊಂಡ. ದೇವೇಂದ್ರ ಸುಳ್ಳು, ಪೊಲೀಸು ಸುಳ್ಳು, ಆಪರೇಷನ್ನೂ ಸುಳ್ಳು, ಆದ್ದರಿಂದ ಹರಕೆಯೂ ಲೆಕ್ಕಕ್ಕಿಲ್ಲ ಎಂದ.

"ಗೊತ್ತೈತ್ರಿ, ಅಳಿಯಾರ," ಎಂದರು ಕಾಶೀಬಾಯಿ. "ಮಂದಿ ಮುಂದ ನೀವು ಸುಳ್ಳ ಹೇಳಿದ್ರಿ. ದೇವ್ರ ಮುಂದ ನಾ ಹೆಂಗ ಹೇಳ್ಲಿ? ಒಂಬತ್ತನೇ ನಂಬರಿನ ಅಂಗಿಯಾಂವ, ಡೆವಿನ್ ಅಂತ, ಅವನ್ನ ಎಬ್ಬಿಸಪ ಅಂತನ ಮನಸಿನ್ಯಾಗ ಬೇಡ್ಕೊಂಡೀನಿ. ನಾನೂ ಬಂದಾಗಿಂದ ನೋಡಾಕತ್ತೀನಲ್ರಿ. ಪಾಪ, ಎಷ್ಟ ಮಂದಿ ಮ್ಯಾಲ ಬಿದ್ದರೂ ಏಳ್ತಾನ."

ಮೃತ್ಯುಂಜಯ ಅಷ್ಟಕ್ಕೇ ಸೋಲೊಪ್ಪಲಿಲ್ಲ. ತಾನು ನೋಡದಿದ್ದರೆ ಅವನು ಸೋಲುತ್ತ ಬಂದಿದ್ದಾನೆ, ಬೇಕಾದರೆ ಲೀಡ್ಸಿನ ಮದುವೆಯ ದಿನ ಏನಾಯಿತು ಕೇಳಿ ಎಂದು ವಾದಕ್ಕಿಳಿದ. ಅತ್ತೆ ಸಮಾಧಾನದಿಂದ ಪೂರ್ತಿ ಕೇಳಿದರು.

"ಇಷ್ಟ ವರ್ಷ ನೀವು ನೋಡಿದ್ರಿ. ಒಂದ ಸಲನೂ ಫೈನಲ್ಲಿಗೆ ಹೋಗ್ಲಿಲ್ಲ. ಇವತ್ತ ನೋಡ್ಲಿಲ್ಲ, ಗೆದ್ದ," ಎಂದರು. "ಈಗ ನೀವ ಹೇಳ್ರಿ. ನಿಮಗ ಅವ ಗೆಲ್ಲೂದು ಬೇಕೋ, ನೀವು ನೋಡೂದು ಬೇಕೋ?"

ಸೇತುವೆಯ ಎಂಜಿನಿಯರಿಗೆ ಆ ಲೆಕ್ಕದಲ್ಲಿ ಒಂದು ಬಿರುಕೂ ಸಿಗಲಿಲ್ಲ. ಹರಕೆ ಮುರಿದು ಫೈನಲ್ ನೋಡಿ, ಡೆವಿನ್ ಸೋತರೆ ಆ ಪಾಪ ಯಾರ ತಲೆಗೆ ಬರುತ್ತದೆ ಎಂಬುದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಎದ್ದು ಹೋಗಿ ಈಶ್ವರನ ಪಟವನ್ನು ಎರಡು ಕೈಯಲ್ಲಿ ಎತ್ತಿ ದೇವರಮನೆಗೆ ಒಯ್ದಿಟ್ಟು ಬಂದ. ಟಿವಿ ಕಪ್ಪಗೆ ಎದುರಿಗೆ ನಿಂತಿತ್ತು.

ಚಿಂತೆ ಮಾಡಬೇಡಿ, ಫೈನಲ್ ತಾವು ಕೂತು ನೋಡುವುದಾಗಿ, ಮುಗಿದ ಮೇಲೆ ಏನಾಯಿತೆಂದು ಹೇಳುವುದಾಗಿ ಕಾಶೀಬಾಯಿ ಭರವಸೆ ಕೊಟ್ಟರು. ಆಮೇಲೆ, ಇವತ್ತು ಜಪದ ಗದ್ದಲದಲ್ಲಿ ತಮಗೂ ನೋಡಲಾಗಲಿಲ್ಲ, ಆ ಕೊನೆಯ ಎಸೆತವನ್ನಾದರೂ ಸ್ವಲ್ಪ ಹಚ್ಚಿಕೊಡಿ ಎಂದರು. ಮೃತ್ಯುಂಜಯ ಮುಖ ಆಚೆ ತಿರುಗಿಸಿಕೊಂಡು, ಕೈಗೆ ಅಭ್ಯಾಸವಿದ್ದ ಗುಂಡಿಗಳನ್ನು ಒತ್ತಿ ಹೈಲೈಟ್ಸ್ ಹಚ್ಚಿಕೊಟ್ಟ. ಹಿಂದಿನಿಂದ ಸ್ಟೇಡಿಯಮ್ಮಿನ ಗದ್ದಲ ಎದ್ದಿತು. ತಲೆ ತಗ್ಗಿಸಿ ಅಡಿಗೆಮನೆಗೆ ನಡೆದ.

"ಬಾಗಲಾ ಹಾಕ್ಕೊಳ್ರಿ, ಅಳಿಯಾರ," ಎಂದರು ಅತ್ತೆ ಟಿವಿಯಿಂದ ಕಣ್ಣು ಕೀಳದೆ. "ಕಿವಿಗೆ ಬಿದ್ದರೂ ನೋಡಿದಂಗನ ಆಗತೈತಿ."